ಇನ್‌ಫ್ಲುಯೆಂಜಾ: ಅಪರಾಧಿ ಯಾರು?

ರೋಗಾಣುವಿಗೆ ಒಮ್ಮೆ ಅಂಟಿದ ಹೆಸರು ಸುಲಭವಾಗಿ ಅಳಿಯುವುದಿಲ್ಲ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರನು ಇನ್‌ಫ್ಲುಯೆಂಜಾ ರೋಗಿಗಳ ಕಫದಲ್ಲಿ ಪುಟ್ಟ ಕಡ್ಡಿಯಂಥ ಬ್ಯಾಕ್ಟೀರಿಯವೊಂದನ್ನು ಕಂಡು, ಜ್ವರಕ್ಕೆ ಇದೇ ಮೂಲವೆಂದು ಸಾರಿದನು. ರಕ್ತ ಬೆರೆತ ಆಹಾರದಲ್ಲಿ ಬೆಳೆಯುವ ಅದಕ್ಕೆ ಮುಂದೆ 'ರಕ್ತಪ್ರಿಯ' ಎಂಬರ್ಥದ ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಹೆಸರಾಯಿತು. ಇಂದಿಗೂ ಅದೇ ಹೆಸರು.

1918ರ ಮಹಾಮಾರಿ ಈ ನಂಬಿಕೆಯನ್ನು ಒರೆಗೆ ಹಚ್ಚಿತು. ಭಾರತವೊಂದರಲ್ಲಿಯೇ ಒಂದು ಕೋಟಿಗೂ ಮಿಕ್ಕ ಜನರನ್ನು ನುಂಗಿದ ಜ್ವರ ಅದು. ಶವಪರೀಕ್ಷೆ ನಡೆಸಿದ ವೈದ್ಯರಿಗೆ ಫೈಫರನ ಕಡ್ಡಿ ಕೆಲವೆಡೆ ಸಿಕ್ಕಿತು, ಕೆಲವೆಡೆ ಸಿಗಲಿಲ್ಲ. ನ್ಯುಮೋಕಾಕಸ್, ಸ್ಟ್ರೆಪ್ಟೊಕಾಕಸ್‌ಗಳು ಮಾತ್ರ ಶ್ವಾಸಕೋಶದಲ್ಲಿ ಮೇಲಿಂದ ಮೇಲೆ ಕಂಡವು. ಎಷ್ಟೋ ವೇಳೆ ರಕ್ತದಲ್ಲಿಯೂ ಕಂಡವು. ಹಾಗಾದರೆ ಕೊಂದವರು ಯಾರು?

ಉತ್ತರದ ಎಳೆ ದೊರೆತದ್ದು ಹಂದಿಗಳಲ್ಲಿ. ಅಮೆರಿಕದ ರಿಚರ್ಡ್ ಶೋಪ್ 1931ರಲ್ಲಿ ಪ್ರಕಟಿಸಿದ ಪ್ರಯೋಗಗಳು ನನ್ನ ಮಟ್ಟಿಗೆ ವೈದ್ಯಚರಿತ್ರೆಯ ಅತಿ ಸ್ವಾರಸ್ಯದ ಪುಟಗಳು. ಜ್ವರ ಬಂದ ಹಂದಿಯ ಸ್ರಾವವನ್ನು ಬ್ಯಾಕ್ಟೀರಿಯ ನುಸುಳದಂಥ ಶೋಧಕದಲ್ಲಿ ಸೋಸಿ, ಆ ದ್ರವವನ್ನು ಬೇರೆ ಹಂದಿಗೆ ಕೊಟ್ಟನು: ಸೌಮ್ಯವಾದ ಬೇನೆ ಬಂದು ಹೋಯಿತು. ಫೈಫರನ ಕಡ್ಡಿಯ ಹತ್ತಿರದ ಬಂಧುವಾದ ಬ್ಯಾಕ್ಟೀರಿಯವೊಂದನ್ನೇ ಕೊಟ್ಟಾಗ ಇನ್‌ಫ್ಲುಯೆಂಜಾ ಬರಲಿಲ್ಲ. ಎರಡನ್ನೂ ಕೂಡಿಸಿ ಕೊಟ್ಟಾಗ ಜ್ವರ ಉಗ್ರವಾಯಿತು. 1933ರಲ್ಲಿ ಇಂಗ್ಲೆಂಡಿನ ಸ್ಮಿತ್, ಆಂಡ್ರೂಸ್, ಲೇಡ್ಲಾ ಎಂಬವರು ಮನುಷ್ಯನ ಇನ್‌ಫ್ಲುಯೆಂಜಾ ವೈರಸ್ಸನ್ನು ಫೆರೆಟ್ ಎಂಬ ಪ್ರಾಣಿಗೆ ಅಂಟಿಸಿ ತೋರಿಸಿದರು.

ಆಮೇಲೆ ತಪ್ಪೆಲ್ಲ ವೈರಸ್ಸಿನ ತಲೆಯ ಮೇಲೆಯೇ ಬಿತ್ತು. ಆದರೆ 2008ರಲ್ಲಿ ಮೋರೆನ್ಸ್, ಟೌಬೆನ್‌ಬರ್ಗರ್, ಫೌಚಿ ಹಳೆಯ ಶವಪರೀಕ್ಷೆಗಳ ವರದಿಗಳನ್ನೂ ಕಾಪಿಟ್ಟ ಶ್ವಾಸಕೋಶದ ತುಣುಕುಗಳನ್ನೂ ಮತ್ತೆ ನೋಡಿದರು. 1918ರ ಸಾವುಗಳಲ್ಲಿ ಬಹುಪಾಲು, ವೈರಸ್ಸಿನ ಹಿಂದೆಯೇ ನುಗ್ಗಿದ ಬ್ಯಾಕ್ಟೀರಿಯಗಳ ನ್ಯುಮೋನಿಯದಿಂದ ಸಂಭವಿಸಿರಬೇಕೆಂಬುದು ಅವರ ನಿರ್ಣಯ. ಒಂದು ಬಾಗಿಲು ಮುರಿಯಿತು, ಇನ್ನೊಂದು ಮನೆ ದೋಚಿತು. ಪೆನಿಸಿಲಿನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. 1918ರ ರೋಗಿಗಳಿಗೆ ಆ ನೆರವಿರಲಿಲ್ಲ.

ಇತ್ತೀಚೆಗೆ ವಿಷಯ ಮತ್ತೂ ಸೂಕ್ಷ್ಮವಾಗಿದೆ. ಎಚ್‌.ಐ.ವಿ. ಸೋಂಕಿನಲ್ಲಿ ಕರುಳಿನ ಗೋಡೆ ಶಿಥಿಲವಾಗಿ, ಅಲ್ಲಿನ ಬ್ಯಾಕ್ಟೀರಿಯಗಳ ಹೊರಕವಚದ ಚೂರುಗಳು ರಕ್ತಕ್ಕೆ ಸೇರುತ್ತವೆಂದೂ, ಅವು ದೇಹದ ರಕ್ಷಣಾಶಕ್ತಿಯನ್ನು ಸದಾ ಕೆರಳಿಸುತ್ತವೆಂದೂ 2006ರಲ್ಲಿ ಪ್ರಕಟವಾದ ಸಂಶೋಧನೆ ಸೂಚಿಸಿತು. ಜೀವಂತ ಬ್ಯಾಕ್ಟೀರಿಯವೇ ಬೇಕೆಂದಿಲ್ಲ. ಅದರ ಚೂರೂ ಸಾಕು.

ಫೈಫರನು ಮೂಲವನ್ನು ತಪ್ಪಾಗಿ ಗುರುತಿಸಿದನು, ನಿಜ. ಆದರೆ ರೋಗಕ್ಕೆ ಕಾರಣ ಯಾವುದೆಂಬುದು ಒಂದು ಪ್ರಶ್ನೆ, ರೋಗಿ ಸಾಯುವುದೇಕೆಂಬುದು ಇನ್ನೊಂದು. ಎರಡನೆಯದನ್ನು ಕೇಳದ ವೈದ್ಯಕೀಯ ರೋಗಿಯನ್ನು ಅರ್ಧ ದಾರಿಯಲ್ಲಿ ಬಿಟ್ಟಂತೆಯೇ ಸರಿ.