ಹಾಲು, ಹಾವು, ಹಿರಿಯರು

ಯಶವಂತಪುರದ ಬಸ್ಸಿನಲ್ಲಿ ‘ಐಐಎಸ್‌ಸಿ’ ಎಂದು ಕೇಳಿದರೆ ಹಳೆಯ ಕಂಡಕ್ಟರುಗಳು ಒಂದು ಗಳಿಗೆ ಮುಖ ನೋಡುತ್ತಿದ್ದರು. ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೆ ತಕ್ಷಣ ಟಿಕೆಟ್ ಹರಿಯುತ್ತಿದ್ದರು. 1909ರಲ್ಲಿ ಹುಟ್ಟಿದ, ಮೈಸೂರು ಅರಸರು 371 ಎಕರೆ ನೆಲ ಕೊಟ್ಟ ಭಾರತೀಯ ವಿಜ್ಞಾನ ಸಂಸ್ಥೆ ಎಂದರೆ ಇಂದಿಗೂ ಜನರ ಮನಸ್ಸಿಗೆ ಬರುವುದು ವಿಮಾನ, ಲೋಹ, ವಿದ್ಯುತ್ತು. ರೋಗ, ರಕ್ತ, ವಿಷಗಳ ಅಧ್ಯಯನ ಇಲ್ಲಿಗೆ ಹಿತ್ತಿಲ ಬಾಗಿಲಿನಿಂದ ಬಂತು ಎನ್ನಬೇಕು. 1921ರಲ್ಲಿ ಜೀವರಸಾಯನ ವಿಭಾಗ ಕಟ್ಟಿದ ಗಿಲ್ಬರ್ಟ್ ಫೌಲರ್ ಅದಕ್ಕೂ ಮೊದಲು ಹೆಸರು ಮಾಡಿದ್ದು ಚರಂಡಿ ನೀರನ್ನು ಶುದ್ಧಮಾಡುವ ವಿದ್ಯೆಯಲ್ಲಿ. ಇಂಥ ವಿಭಾಗಕ್ಕೆ ಅದು ಕೆಟ್ಟ ಆರಂಭವೇನೂ ಅಲ್ಲ. ಸೂಕ್ಷ್ಮಜೀವಿಗಳ ಪರಿಚಯ ಚರಂಡಿಯಲ್ಲಾದಷ್ಟು ಚೆನ್ನಾಗಿ ಬೇರೆಲ್ಲಿ ಆದೀತು?

1933ರಲ್ಲಿ ಮುಂಬೈಯಿಂದ ಕಮಲಾ ಭಾಗ್ವತ್ ಎಂಬ ಹುಡುಗಿ ಇಲ್ಲಿಗೆ ಅರ್ಜಿ ಹಾಕಿದಳು. ಆಗ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೇ ಅವರು ಅರ್ಜಿಯನ್ನು ತಳ್ಳಿಹಾಕಿದರು. ಆಕೆ ಬಿಡಲಿಲ್ಲ, ಎದುರಿಗೇ ಬಂದು ಕೇಳಿದಳು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಸೀಟು ಸಿಕ್ಕಿತು. ಜೀವರಸಾಯನ ವಿಭಾಗದ ಶ್ರೀನಿವಾಸಯ್ಯ ಅವರ ಕೈಕೆಳಗೆ ಆಕೆ ಮಾಡಿದ ಕೆಲಸವಾದರೂ ಏನು? ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ವಿಚಾರ. ಅಡುಗೆಮನೆಯಿಂದ ಹೊರಬರಲು ಅಷ್ಟು ಜಗಳವಾಡಿದ ಹುಡುಗಿ ಪ್ರಯೋಗಶಾಲೆಯಲ್ಲಿ ಮತ್ತೆ ಬೇಳೆಯನ್ನೇ ಕೈಗೆತ್ತಿಕೊಂಡಳು, ಆದರೆ ಈ ಸಲ ಬಡವರ ತಟ್ಟೆಗೆ ಏನು ಬೀಳುತ್ತದೆಂದು ಅಳೆಯುವುದಕ್ಕೆ. ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು ಕಮಲಾ ಸೊಹೋನಿ ಎಂದು ಹೆಸರಾದರು. ರಾಮನ್‌ರ ವಿಜ್ಞಾನಕ್ಕೆ ಕೈಮುಗಿಯುವ ನಾವು ಈ ಷರತ್ತನ್ನು ಮರೆಯಬೇಕಾಗಿಲ್ಲ.

1971ರಲ್ಲಿ ಜಿ.ಎನ್. ರಾಮಚಂದ್ರನ್ ಮದರಾಸಿನಿಂದ ಬಂದು ಅಣುಜೀವಭೌತ ಘಟಕ ಕಟ್ಟಿದರು. ಅದರ ಚರಿತ್ರೆಗೆ ಬೇರೆಯದೇ ಸಂಚಿಕೆ ಬೇಕು. ಜೀವರಸಾಯನ ವಿಭಾಗದ ಜಿ. ಪದ್ಮನಾಭನ್ ಅವರ ಮಲೇರಿಯಾ ಕೆಲಸವನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ಮಲೇರಿಯಾದ ಪರಾವಲಂಬಿ ನಮ್ಮ ರಕ್ತದ ಹಿಮೋಗ್ಲೋಬಿನ್ನನ್ನೇ ತಿಂದು ಬದುಕುತ್ತದೆ. ಹೀಗೆ ಹೀಮ್ ಎಂಬ ವಸ್ತು ಬೇಕಾದಷ್ಟು ಸಿಕ್ಕರೂ, ತನಗೆ ಬೇಕಾದ ಹೀಮನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ ಎಂದು ಅವರ ತಂಡ ತೋರಿಸಿತು. ಛತ್ರದಲ್ಲಿ ಊಟ ಮಾಡುತ್ತಲೇ ಮೂಲೆಯಲ್ಲಿ ಸ್ವಂತ ಒಲೆ ಹಚ್ಚಿಕೊಂಡವನ ಹಾಗೆ! ಆ ಒಲೆ ಆರಿಸುವ ದಾರಿ ಸಿಕ್ಕರೆ ಔಷಧಕ್ಕೊಂದು ಗುರಿ ಸಿಕ್ಕಂತೆ.

ಇತ್ತೀಚಿನ ಕೆಲಸಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಹಾವಿನದು. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ವಿಷನಿರೋಧಕ ಇಂದಿಗೂ ಕುದುರೆಯ ಕೊಡುಗೆ: ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ತೆಗೆಯುತ್ತಾರೆ. ಕುದುರೆ ತನ್ನ ಬದುಕಿನಲ್ಲಿ ಕಂಡ ನೂರೆಂಟು ಸೂಕ್ಷ್ಮಜೀವಿಗಳ ಪ್ರತಿಕಾಯಗಳೂ ಅದೇ ಶೀಶೆಯಲ್ಲಿ ಸೇರಿರುತ್ತವೆ. ಸಾಲದ್ದಕ್ಕೆ ಒಂದು ಊರಿನ ನಾಗರಹಾವಿನ ವಿಷ ಇನ್ನೊಂದು ಊರಿನದರಂತಿರುವುದಿಲ್ಲ. ಇದೇ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿ, 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆಗೂಡಿ ಕೃತಕವಾಗಿ ರೂಪಿಸಿದ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿತು. ನಾಗರಹಾವು, ಕಟ್ಟುಹಾವಿನ ಬಳಗ, ಆಫ್ರಿಕಾದ ಕಪ್ಪು ಮಾಂಬಾ ಇವುಗಳ ವಿಷದಲ್ಲಿರುವ, ನರ ಹಿಡಿದು ಉಸಿರು ಕಟ್ಟಿಸುವ ಒಂದು ಬಗೆಯ ನಂಜನ್ನು ಅದು ಅಡಗಿಸುತ್ತದೆ. ವಿಷ ಕೊಟ್ಟು 20 ನಿಮಿಷ ಕಳೆದ ಮೇಲೆ ಪ್ರತಿಕಾಯ ಚುಚ್ಚಿದರೂ ಇಲಿಗಳು ಬದುಕಿದವು. ಆದರೆ ಇದು ಇಲಿಯ ಮಾತು. ನಮ್ಮ ಗದ್ದೆಗಳ ದೊಡ್ಡ ಶತ್ರು ಕೊಳಕುಮಂಡಲ, ಅದರ ವಿಷ ರಕ್ತವನ್ನೇ ಕೆಡಿಸುವ ಬೇರೆ ಜಾತಿಯದು. ಈ ಪ್ರತಿಕಾಯ ಅದಕ್ಕೆ ಮದ್ದಲ್ಲ. ಪತ್ರಿಕೆಗಳು ತಲೆಬರಹ ಬರೆಯುವಾಗ ಈ ಸಾಲನ್ನು ಬಿಟ್ಟುಬಿಡುತ್ತವೆ. ಅದೇ 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಆದೇಶಿಸಿತು. ಎಷ್ಟು ಜನ ಎಲ್ಲಿ ಕಡಿಸಿಕೊಂಡರೆಂಬ ಲೆಕ್ಕವೇ ಇಲ್ಲದಿದ್ದರೆ ಮದ್ದು ಕಳಿಸುವುದಾದರೂ ಎಲ್ಲಿಗೆ?

ಇನ್ನು ಮಿದುಳು. ಉದ್ಯಮಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ದತ್ತಿಯಿಂದ ಆವರಣದಲ್ಲಿ ಬೆಳೆದ ಮಿದುಳು ಸಂಶೋಧನಾ ಕೇಂದ್ರದ ಹೊಸ ಕಟ್ಟಡ 2022ರಲ್ಲಿ ಉದ್ಘಾಟನೆಯಾಯಿತು. ದೇಶದ 20 ಸಂಸ್ಥೆಗಳು ಸೇರಿ ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಓದಿದ ಯೋಜನೆಯ ಮುಂದಾಳತ್ವವೂ ಇದರದೇ; ಆ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ನನಗೆ ಮಾತ್ರ ಕಟ್ಟಡಕ್ಕಿಂತ ಶ್ರೀನಿವಾಸಪುರ ದೊಡ್ಡದಾಗಿ ಕಾಣುತ್ತದೆ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಆ ತಾಲ್ಲೂಕಿನಲ್ಲಿ, 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮರೆವು ಯಾರಿಗೆ ಏಕೆ ಬರುತ್ತದೆಂದು ನೋಡುವ ಈ ಕೇಂದ್ರದ ಅಧ್ಯಯನ ನಡೆಯುತ್ತಿದೆ. ವಿದೇಶದಲ್ಲಿ ಹುಟ್ಟಿದ ಪರೀಕ್ಷೆಗಳು ಪದವನ್ನು ತಿರುವುಮುರುವಾಗಿ ಹೇಳಿ, ಗಡಿಯಾರ ಬರೆದು ಮುಳ್ಳು ಇಡಿ ಎನ್ನುತ್ತವೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿ ಪೆನ್ಸಿಲನ್ನು ಹೇಗೆ ಹಿಡಿಯುವುದೆಂದು ನೋಡುತ್ತಾ ಕೂತರೆ ಅದು ಮರೆವಲ್ಲ. ಆಕೆಗೆ ಯಾರ ತೋಟದ ಮರ ಯಾವ ವರ್ಷ ಫಲ ಕೊಡಲಿಲ್ಲವೆಂಬುದು ನೆನಪಿರಬಹುದು. ಹಾಗಾಗಿ ಪ್ರಶ್ನೆಗಳನ್ನೇ ಮೊದಲು ಊರಿನ ಭಾಷೆಗೆ, ಅಕ್ಷರ ಬಾರದವರ ಬದುಕಿಗೆ ಹೊಂದಿಸಬೇಕು. ಅಲ್ಲಿಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು ಬೇರೆ. ಬಿಪಿ, ಸಕ್ಕರೆ ಇದೆಯೆಂಬುದೇ ಗೊತ್ತಿರದ ಎಷ್ಟೋ ಜನಕ್ಕೆ ಈ ತಪಾಸಣೆಯಲ್ಲಿಯೇ ಮೊದಲ ಸಲ ಅದು ಗೊತ್ತಾಯಿತು.

2018ರಲ್ಲಿ ಶುರುವಾದ ಈ ಕೆಲಸದ ನಿಜವಾದ ಉತ್ತರ ಬೇಗ ಸಿಗುವಂಥದ್ದಲ್ಲ. ಅದೇ ಮನೆಗಳಿಗೆ, ಅದೇ ಜನರ ಬಳಿಗೆ ಮತ್ತೆ ಮತ್ತೆ ಹೋಗಬೇಕು. ಇಂದು ಪಟ್ಟಿ ಹಿಡಿದು ಪ್ರಶ್ನೆ ಕೇಳುತ್ತಿರುವ ಹುಡುಗ ಹುಡುಗಿಯರು, ಉತ್ತರ ಬರುವ ಹೊತ್ತಿಗೆ, ತಾವೇ ಆ ಪಟ್ಟಿಗೆ ಸೇರುವ ವಯಸ್ಸು ಮುಟ್ಟಿರುತ್ತಾರೆ.