ಕೆರೆ ಒಬ್ಬರದು, ದಂಡೆ ಇನ್ನೊಬ್ಬರದು

ನಮ್ಮ ಕಡೆ, ಎಂದರೆ ಹಳಿಯಾಳ, ದಾಂಡೇಲಿ, ಜೋಯಿಡಾಗಳ ಕಡೆ, ನೀರಿಗೆ ಮನುಷ್ಯರ ಹೆಸರಿಡುವ ಚಟ ಕಡಿಮೆ. ಕಾಳಿ ಎಂದಿಗೂ ಕಾಳಿಯೇ. ಆ ಹೊಳೆಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿದಾಗ ಜನರ ಬಾಯಲ್ಲಿ ಅದಕ್ಕೆ ನಿಂತ ಹೆಸರು ನೀರಿನಡಿ ಹೋದ ಸೂಪಾ ಊರಿನದು. ಬೆಂಗಳೂರಿನ ರೀತಿ ಬೇರೆ. ಅಲ್ಲಿ ಕೆರೆಗೊಬ್ಬರು, ದಂಡೆಗೊಬ್ಬರು, ದಂಡೆಯ ತಿರುವಿಗೊಬ್ಬರು ಯಜಮಾನರುಂಟು.

ಸ್ಯಾಂಕಿ ಕೆರೆಯನ್ನೇ ತೆಗೆದುಕೊಳ್ಳಿ. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಎಂಬ ಇಂಜಿನಿಯರು ಊರಿನ ನೀರಿನ ಬವಣೆ ನೀಗಲೆಂದು ಕಟ್ಟಿಸಿದ, ಸುಮಾರು 37 ಎಕರೆಯ ಕೆರೆ ಅದು. ಸರ್ಕಾರದ ಗಂಧದ ಕೋಠಿ ಹತ್ತಿರವೇ ಇದ್ದುದರಿಂದ ಜನ ಅದನ್ನು ಗಂಧದ ಕೋಠಿ ಕೆರೆ ಎಂದೂ ಕರೆಯುತ್ತಿದ್ದರು. ಆ ಹೆಸರು ಎಷ್ಟು ಚೆನ್ನಾಗಿತ್ತು! ಈಗ ಕೆರೆಯ ಸುತ್ತ ಉದ್ಯಾನವಿದೆ, ಕಾಲುದಾರಿಯಿದೆ, ಗಣಪತಿಯನ್ನು ಬಿಡುವುದಕ್ಕೆ ಬೇರೆಯೇ ಕಲ್ಯಾಣಿಯಿದೆ. ಒಂದು ದಂಡೆಗೆ ಮಲ್ಲೇಶ್ವರ, ಇನ್ನೊಂದಕ್ಕೆ ಸದಾಶಿವನಗರ. ಹತ್ತಿರದ ವೃತ್ತಕ್ಕೆ ಮೈಸೂರು ಕಾಂಗ್ರೆಸ್ಸಿನ ಮುಂದಾಳು, 1947ರ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲದಲ್ಲಿದ್ದ ಕೆ. ಟಿ. ಭಾಷ್ಯಂ ಅವರ ಹೆಸರು. ಭಾಷ್ಯಂ ಅವರು ಆ ಸೀಮೆಯವರೇ; ಅವರ ಹೆಸರು ಅಲ್ಲಿರುವುದು ಸಹಜ. ಆದರೆ ಸದಾಶಿವ ಯಾರು? ಕೆರೆಯ ಸುತ್ತ ಬೆಳಗಿನ ಗಾಳಿಗೆ ಬಂದವರನ್ನು ನಾನು ಒಮ್ಮೆ ವಿಚಾರಿಸಿ ನೋಡಿದೆ. ‘ಶಿವನ ಹೆಸರಲ್ಲವೇ ಸ್ವಾಮಿ?’ ಎಂದರು ಒಬ್ಬ ಹಿರಿಯರು. ಇನ್ನೊಬ್ಬರು ಲೇಔಟು ಮಾಡಿಸಿದವರಿರಬೇಕೆಂದು ಊಹಿಸಿದರು.

ಈತ ಕಾರ್ನಾಡು ಸದಾಶಿವರಾಯರು. ಮಂಗಳೂರಿನವರು, 1881ರಲ್ಲಿ ಹುಟ್ಟಿದವರು. ಅನುಕೂಲಸ್ಥ ಸಾರಸ್ವತ ಮನೆತನ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಮುಂಬಯಿಯಲ್ಲಿ ಕಾನೂನು, ಆಮೇಲೆ ಊರಿನಲ್ಲಿ ವಕೀಲಿ. ಅಷ್ಟಕ್ಕೇ ನಿಂತಿದ್ದರೆ ದೊಡ್ಡ ಮನೆ, ತೆಂಗಿನ ತೋಟ, ಮುಪ್ಪಿನಲ್ಲಿ ಒಂದು ರಾವ್ ಬಹಾದ್ದೂರ್ ಪದವಿ, ಇಷ್ಟರಲ್ಲಿ ಬಾಳು ಸುಖವಾಗಿ ಮುಗಿಯುತ್ತಿತ್ತು. ಆದರೆ ಹೆಂಡತಿ ಶಾಂತಾಬಾಯಿಯವರೊಡನೆ ಸೇರಿ ಮಹಿಳಾ ಸಭೆಯನ್ನು ಕಟ್ಟಿ, ವಿಧವೆಯರಿಗೂ ಬಡ ಹೆಂಗಸರಿಗೂ ಆಸರೆಯಾಗಲು ಹೊರಟರು. 1919ರಲ್ಲಿ ಗಾಂಧೀಜಿ ಸತ್ಯಾಗ್ರಹದ ಪ್ರತಿಜ್ಞೆಯನ್ನು ಮುಂದಿಟ್ಟಾಗ ಕರ್ನಾಟಕದಲ್ಲಿ ಮೊದಲು ಸಹಿ ಹಾಕಿದವರೆಂಬ ಹೆಸರು ಇವರದೇ. ಅಸಹಕಾರದ ಕಾಲದಲ್ಲಿ ತಿಲಕ್ ವಿದ್ಯಾಲಯ ತೆರೆದರು. ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು. ಇದಕ್ಕೆಲ್ಲ ಹಣ? ಚಂದಾ ಪಟ್ಟಿ ಹಿಡಿದು ಹೊರಡುವ ಮುಂಚೆ ತಮ್ಮ ಪೆಟ್ಟಿಗೆಯನ್ನು ತೆರೆಯುವ ಜಾತಿಯವರು ಅವರು. ಹೀಗೆ ತೆರೆದು ತೆರೆದು ಪೆಟ್ಟಿಗೆ ಬರಿದಾಯಿತು.

ಮಂಗಳೂರಿನ ಈ ಮುಖಂಡರಿಗೂ ನಮ್ಮ ಕಾಳೀತೀರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಒಂದು ಕಾಲಕ್ಕೆ ಕನ್ನಡ ಜಿಲ್ಲೆ ಒಂದೇ ಆಗಿತ್ತು. ಅದನ್ನು ಎರಡಾಗಿ ಸೀಳಿದ ಕಂಪೆನಿ ಸರ್ಕಾರದ ಉತ್ತರಾಧಿಕಾರಿಗಳು 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹಳಿಯಾಳದ ಅರ್ಜಿ ಮುಂಬಯಿಗೆ, ಮಂಗಳೂರಿನ ಅರ್ಜಿ ಮದರಾಸಿಗೆ. ಆದರೆ 1920ರ ನಾಗಪುರ ಕಾಂಗ್ರೆಸ್ಸು ಭಾಷೆಯ ಮೇಲೆ ಪ್ರಾಂತಗಳನ್ನು ಕಟ್ಟಿಕೊಂಡಾಗ, ಸರ್ಕಾರದ ನಕ್ಷೆಯಲ್ಲಿ ಇಲ್ಲದ ಕರ್ನಾಟಕವು ಕಾಂಗ್ರೆಸ್ಸಿನ ನಕ್ಷೆಯಲ್ಲಿ ಹುಟ್ಟಿತು. ಆ ಕರ್ನಾಟಕದ ಮುಂದಾಳುಗಳಲ್ಲಿ ಸದಾಶಿವರಾಯರು ಒಬ್ಬರು. ಆದ್ದರಿಂದ ನಮ್ಮವರೆನ್ನಲು ನನಗೆ ಸಂಕೋಚವಿಲ್ಲ.

1936ರ ಡಿಸೆಂಬರಿನಲ್ಲಿ ಖಾನದೇಶದ ಫೈಜಪುರದಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿತು. ಹಳ್ಳಿಯಲ್ಲಿ ನಡೆದ ಮೊದಲ ಅಧಿವೇಶನ ಅದು, ನೆಹರೂ ಅಧ್ಯಕ್ಷರು. ರಾಯರು ಹೋದರು. ಅಲ್ಲಿ ಹಿಡಿದ ಜ್ವರ ಬಿಡಲಿಲ್ಲ. 1937ರ ಜನವರಿ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ವಯಸ್ಸು ಅರುವತ್ತನ್ನೂ ಮುಟ್ಟಿರಲಿಲ್ಲ. ಅದೇ ಜುಲೈಯಲ್ಲಿ ಮದರಾಸಿನಲ್ಲಿ ರಾಜಾಜಿಯವರ ಮಂತ್ರಿಮಂಡಲ ಬಂತು. ಕಾಂಗ್ರೆಸ್ಸಿಗೆ ಅಧಿಕಾರದ ಫಲ ಬರುವ ಹೊತ್ತಿಗೆ, ಮರಕ್ಕೆ ನೀರೆರೆದು ಬಡವಾದವರು ಇರಲಿಲ್ಲ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಉತ್ತರ ಕನ್ನಡವೂ ಮೈಸೂರಿನೊಡನೆ ಒಂದಾದ ಮೇಲೆ ಬೆಂಗಳೂರು ಇಬ್ಬರಿಗೂ ರಾಜಧಾನಿಯಾಯಿತು. ಅರಮನೆಯ ತೋಪುಗಳಿದ್ದ ಜಾಗದಲ್ಲಿ ಎದ್ದ ಬಡಾವಣೆಗೆ ಕರಾವಳಿಯ ತ್ಯಾಗಿಯ ಹೆಸರು ಬಂದುದು ಉಚಿತವೇ ಸರಿ. ಆದರೆ ವಿಧಿಯ ವಿನೋದ ನೋಡಿ: ಕೈಯಲ್ಲಿದ್ದುದನ್ನೆಲ್ಲ ಕೊಟ್ಟು ಬರಿಗೈಯಾದವರ ಹೆಸರಿನ ಆ ಬಡಾವಣೆಯಲ್ಲಿ ಇಂದು ನಿವೇಶನ ಕೊಳ್ಳಬೇಕಾದರೆ ಕೋಟಿಗಳಲ್ಲಿ ಮಾತಾಡಬೇಕು. ಮಂತ್ರಿಗಳೂ ಸಿನಿಮಾ ನಟರೂ ಅಲ್ಲಿ ಮನೆ ಮಾಡಿದ್ದಾರೆ. ರಾಯರೇ ಇಂದು ಬಂದರೆ, ತಮ್ಮ ಹೆಸರಿನ ಬೀದಿಯಲ್ಲಿ ಬಾಡಿಗೆಗೂ ಒಂದು ಕೋಣೆ ಸಿಗುವುದು ಕಷ್ಟ.

ಹುಟ್ಟೂರಿನಲ್ಲಾದರೂ ನೆನಪು ಗಟ್ಟಿಯಿದೆಯೇ ಎಂದರೆ, ಮಂಗಳೂರಿನ ನಡುಪೇಟೆಯಲ್ಲಿ ಅವರದೊಂದು ರಸ್ತೆಯುಂಟು. ಹಂಪನಕಟ್ಟೆಯಿಂದ ಹೊರಡುವ ಆ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರುಗಳೂ ಅಂಗಡಿಯ ಫಲಕಗಳೂ ಹೇಳುವುದು ‘ಕೆ. ಎಸ್. ರಾವ್ ರೋಡ್’ ಎಂದು. ಬೆಂಗಳೂರಿನಲ್ಲಿ ಕಾರ್ನಾಡು ಬಿದ್ದುಹೋಗಿ ಸದಾಶಿವ ಉಳಿಯಿತು; ಮಂಗಳೂರಿನಲ್ಲಿ ಎರಡೂ ಬಿದ್ದುಹೋಗಿ ರಾವ್ ಉಳಿಯಿತು.