ಕೊರಳಿಗೊಂದು ಸೂಜಿ

ಕಳೆದ ಸೋಮವಾರ ನನ್ನ ಕೊರಳಿನ ಎಡಬದಿಯ ಗಂಟಿಗೆ ಸಣ್ಣ ಸೂಜಿ ಚುಚ್ಚಿ, ಪರೀಕ್ಷೆಗೆಂದು ಜೀವಕೋಶಗಳನ್ನು ತೆಗೆದರು. ವೈದ್ಯರ ಭಾಷೆಯಲ್ಲಿ ಇದು ಎಫ್.ಎನ್.ಎ.ಸಿ. ಐದಾರು ನಿಮಿಷದ ಕೆಲಸ. ಚುಚ್ಚುವಾಗ ಉಗುಳು ನುಂಗಕೂಡದು, ಮಾತನಾಡಕೂಡದು ಎಂದರು. ಮೂವತ್ತು ವರ್ಷ ತರಗತಿಯಲ್ಲಿ ‘ಮಾತು ನಿಲ್ಲಿಸಿ’ ಎಂದು ಗದರಿದವನಿಗೆ ತಕ್ಕ ಶಾಸ್ತಿ! ಈಗ ಮನೆಯಲ್ಲಿ ವಿಶ್ರಾಂತಿ. ಚುಚ್ಚಿದೆಡೆ ತುಸು ಕಂದಿದೆ, ಕತ್ತು ಹೊರಳಿಸಿದರೆ ನೋವು, ಬೇರೇನೂ ಇಲ್ಲ.

ವಿಷಯ ತಿಳಿದೊಡನೆ ನಮ್ಮ ಅಕ್ಕ ದೂರವಾಣಿಯಲ್ಲಿ, ‘ಗಂಟಿಗೆ ಸೂಜಿ ತಾಗಿಸಿದರೆ ರೋಗ ಮೈಯೆಲ್ಲಾ ಹರಡುತ್ತದಂತೆ, ಯಾಕಪ್ಪಾ ಒಪ್ಪಿಕೊಂಡೆ?’ ಎಂದು ಕಣ್ಣೀರಿಟ್ಟರು. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಇಂಥದೇ ಭಯ ದೊಡ್ಡ ವೈದ್ಯರಿಗೂ ಇತ್ತು.

ಕೊರಳಿಗೆ ಸೂಜಿ ಹಾಕಿ ರೋಗ ಗುರುತಿಸುವುದು ಶತಮಾನದಷ್ಟು ಹಳೆಯದು. 1904ರಲ್ಲಿ ಉಗಾಂಡದಲ್ಲಿ ಸೇನಾ ವೈದ್ಯರಾದ ಗ್ರೇಗ್ ಮತ್ತು ಗ್ರೇ, ನಿದ್ರಾರೋಗಿಗಳ ಕೊರಳ ಗ್ರಂಥಿಗಳಿಂದ ರಸ ಹೀರಿ ಅದರಲ್ಲಿ ರೋಗಾಣುಗಳನ್ನು ಕಂಡರು. ಗಡ್ಡೆಗಳ ವಿಷಯ ಬೇರೆ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಜೇಮ್ಸ್ ಯೂಯಿಂಗ್ ಎಂಬ ಪ್ರಖ್ಯಾತ ರೋಗವಿಜ್ಞಾನಿ ಇದ್ದರು. ಗಡ್ಡೆಯನ್ನು ಕೊಯ್ದು ತುಣುಕು ತೆಗೆದರೆ ಅರ್ಬುದ ಹರಡೀತೆಂಬುದು ಅವರ ಆತಂಕ. ಆದರೆ ರೋಗವೇನೆಂದು ತಿಳಿಯದೆ ಚಿಕಿತ್ಸೆ ಹೇಗೆ? ಅಲ್ಲಿನ ಶಸ್ತ್ರವೈದ್ಯ ಹೇಸ್ ಮಾರ್ಟಿನ್, ತಂತ್ರಜ್ಞ ಎಡ್ವರ್ಡ್ ಎಲ್ಲಿಸ್ ಜೊತೆಗೂಡಿ, ಕೊಯ್ಯುವ ಬದಲು ಸೂಜಿಯಿಂದ ಹೀರಿ ತೆಗೆಯುವ ಕ್ರಮವನ್ನು 1930ರಲ್ಲಿ ಪ್ರಕಟಿಸಿದರು. ಅಕ್ಕನ ಭಯವೇ ಅಲ್ಲಿ ಸೂಜಿಗೆ ದಾರಿ ಮಾಡಿತೆನ್ನಬಹುದು! ಅವರ ಸೂಜಿ 18 ನಂಬರಿನದು. ನೂಲಿನಂತೆಯೇ ಸೂಜಿಯೂ ನಂಬರು ಏರಿದಷ್ಟು ಸಪೂರ. ನನಗೆ ಚುಚ್ಚಿದ್ದು 25, ಅಂದರೆ ಅರ್ಧ ಮಿಲಿಮೀಟರು. ಅವರದು ಅದರ ಎರಡು ಪಟ್ಟಿಗಿಂತ ದಪ್ಪ.

ಅಮೆರಿಕದ ಇತರ ವೈದ್ಯರು ಇದನ್ನು ಬಹುಕಾಲ ಒಪ್ಪಲಿಲ್ಲ. 1950-60ರ ದಶಕಗಳಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾದಲ್ಲಿ ಸಿಕ್ಸ್‌ಟೆನ್ ಫ್ರಾನ್ಸೆನ್ ಮತ್ತು ಸಂಗಡಿಗರು ಸಪೂರ ಸೂಜಿಯನ್ನು ರೂಢಿಗೆ ತಂದರು. ಅದರಿಂದ ರೋಗ ಹರಡುವುದು ಅತಿ ವಿರಳವೆಂಬುದು ವರ್ಷಗಳ ಅನುಭವದಿಂದ ಸ್ಥಿರಪಟ್ಟಿತು.

ಇದನ್ನೆಲ್ಲ ಅಕ್ಕನಿಗೆ ಪಾಠದಂತೆ ಒಪ್ಪಿಸಿದೆ. ಅವರ ಮನಸ್ಸಿನಲ್ಲಿದ್ದುದು ಫ್ರಾನ್ಸೆನ್ ಅಲ್ಲ, ನಮ್ಮ ಚಿಕ್ಕಪ್ಪ. 1974ರಲ್ಲಿ ಕೊರಳ ಗಂಟನ್ನು ಕೊಯ್ಯಿಸಿಕೊಂಡ ಮೂರೇ ತಿಂಗಳಲ್ಲಿ ಅವರು ತೀರಿಕೊಂಡರು. ಕೊಯ್ದದ್ದರಿಂದಲೇ ಹೋದರೆಂದು ಮನೆಮಂದಿಯೆಲ್ಲ ಇಂದಿಗೂ ನಂಬಿದ್ದಾರೆ. ಅದಕ್ಕೆ ಮೊದಲು ಒಂದು ವರ್ಷ ಅವರು ಶಾಲು ಸುತ್ತಿ ಆ ಗಂಟನ್ನು ಮುಚ್ಚಿಟ್ಟಿದ್ದರೆಂಬುದು ನನಗೆ ಮಾತ್ರ ಗೊತ್ತಿತ್ತು. ಸಂತೆಯಿಂದ ಶಾಲು ತಂದುಕೊಟ್ಟವನೇ ನಾನು. ಯಾರಿಗೂ ಹೇಳಬೇಡವೆಂದಿದ್ದರು, ಹೇಳಲಿಲ್ಲ. ಐವತ್ತು ವರ್ಷಗಳ ಮೇಲೆ ಮೊನ್ನೆ ಅಕ್ಕನಿಗೆ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ.

ವರದಿ ಶುಕ್ರವಾರ ಕೈಸೇರಲಿದೆ. ಅಕ್ಕ ನಾಳೆ ಬೆಳಗಿನ ಬಸ್ಸಿಗೆ ಹೊರಟು ಬರುತ್ತಿದ್ದಾರೆ. ಆಸ್ಪತ್ರೆಗೆ ನನ್ನೊಡನೆ ತಾವೂ ಬರುವರಂತೆ.